ಬೋರು ಮಾಡಿಸೋದೋ, ಜಾವಾ ತರೋದೋ

ನನ್ನ ತಮ್ಮ ಪ್ರಭುಸ್ವಾಮಿಯ ಕೆಲಸ ಸಿನಿಮಾ ರೀಲು ಸಾಗಿಸುವುದು. ಆಗ ಒಂದೇ ಪ್ರತಿಯನ್ನು ಎರಡು ಕಡೆ ಓಡಿಸುತ್ತಿದ್ದರು. ಮೈಸೂರಿನ ಟಾಕೀಸಿನಲ್ಲಿ ಅರ್ಧ ಆಟ ಮುಗಿದ ಕೂಡಲೇ ಆ ರೀಲುಗಳ ತಗಡಿನ ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಇಲವಾಲದ ಟೆಂಟ್ ಸಿನಿಮಾಕ್ಕೆ ಓಡಬೇಕು. ತಿರುಗಿ ಬಂದು ಉಳಿದರ್ಧ ಒಯ್ಯಬೇಕು. ತಡವಾದರೆ ಟೆಂಟಿನ ಜನ ಮೊದಲು ಶಿಳ್ಳೆ ಹೊಡೆಯುತ್ತಾರೆ, ಆಮೇಲೆ ಬೆಂಚು ಮುರಿಯುತ್ತಾರೆ.

ಅವನ ಬಿ.ಎಸ್.ಎ. ಗಾಡಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ನಮ್ಮ ಸೋದರಮಾವ ಕೊಂಡದ್ದು. ಮಾವನ ಕೈಯಲ್ಲಿ ಅದು ಊಟಿ ಹತ್ತಿ ಬಂದಿತ್ತು. ಅರವತ್ತಮೂರರ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಹತ್ತಿರದ ಏರಿನಲ್ಲೇ ಹೊಗೆ ಕಾರುತ್ತ ನಿಲ್ಲತೊಡಗಿತು. ಎಂಜಿನ್ ಬೋರು ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ, ಹೊಸ ಪಿಸ್ಟನ್ ಹಾಕಿಸಿದರೆ ಇನ್ನೂ ಬಹಳ ವರ್ಷ ಓಡುತ್ತದೆ ಎಂದು ಮೆಕ್ಯಾನಿಕ್ ಮಹದೇವು ಹೇಳಿದ. ನಮ್ಮೂರಲ್ಲೇ ತಯಾರಾಗುವ ಹೊಸ ಜಾವಾ ಗಾಡಿ ತನ್ನಿ ಎಂದು ತಮ್ಮನ ಹೆಂಡತಿ ಪ್ರೇಮಲೀಲಾ ಹೇಳಿದಳು. ಇಬ್ಬರ ಮಾತೂ ಸರಿಯೇ. ಎರಡಕ್ಕೂ ಅವನ ಹತ್ತಿರ ದುಡ್ಡಿತ್ತು. ಇಲ್ಲದಿದ್ದರೆ ತಾನಾಗಿಯೇ ತೀರ್ಮಾನವಾಗಿಬಿಡುತ್ತಿತ್ತು.

ಬೆಳಗ್ಗೆ ಎದ್ದಾಗ ಬೋರು, ಊಟಕ್ಕೆ ಕೂತಾಗ ಜಾವಾ.

“ಅಣ್ಣ, ಹಳೇದು ಹಳೇದೇ ಕಣಣ್ಣ. ಆ ಕಬ್ಬಿಣ ಈಗೆಲ್ಲಿ ಸಿಕ್ತದೆ?”

“ಸರಿ, ಬೋರು ಮಾಡಿಸ್ಬುಡು.”

“ಆದ್ರೆ ಜಾವಾ ಒಂದೇ ಕಿಕ್ಕಿಗೆ ಹೊರಡ್ತದಂತೆ.”

“ಸರಿ, ಅದನ್ನೇ ತಗೊ.”

“ನೀನು ಎಲ್ಲಕ್ಕೂ ಸರಿ ಅಂದ್ರೆ ಎಂಗಣ್ಣ?”

ಇದು ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಟೆಂಟಿನ ಮ್ಯಾನೇಜರ್ ಕೃಷ್ಣಸ್ವಾಮಿಯವರಿಗೂ ಸಾಕಾಯಿತು. “ಶುಕ್ರವಾರ ಹೊಸ ಪಿಕ್ಚರು ಬರ್ತದೆ ಕಣಯ್ಯ. ಅಲ್ಲಿವರ್ಗೂ ಟೆಂಟು ಮುಚ್ಚಿರ್ತದೆ. ಹಳೇದನ್ನ ರಿಪೇರಿ ಮಾಡ್ಸು, ಇಲ್ಲ ಹೊಸದನ್ನ ತಗೊ. ಆವತ್ತು ಪೆಟ್ಟಿಗೆ ತಡವಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ,” ಎಂದರು.

“ಇವರಿಂದ ಆಗೋ ಕೆಲಸ ಅಲ್ಲ ಬುಡಿ ಭಾವ. ದೇವ್ರನ್ನೇ ಕೇಳ್ಬುಡೋಣ,” ಎಂದಳು ಪ್ರೇಮಲೀಲಾ.

ಸೋಮವಾರ ಮೂವರೂ ಮಾದಪ್ಪನ ಗುಡಿಗೆ ಹೋದೆವು. ದೇವರ ಕಣ್ಣಿಗೂ ಬೀಳಲಿ ಎಂದು ಗಾಡಿಯನ್ನೂ ತಮ್ಮ ತಳ್ಳಿಕೊಂಡು ಬಂದ. ಪೂಜಾರಿ ಲಿಂಗದ ಎರಡೂ ಕಡೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿದರು. ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು, ಬಾಯಿ ಬಿಟ್ಟು ಹೇಳಬಾರದು. ಬಲಗಡೆ ಹೂ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ನನ್ನ ಕಾಲು ಜೋಮು ಹಿಡಿಯುವಷ್ಟು ಹೊತ್ತು ಕೂತ ಮೇಲೆ ಬಲಗಡೆಯ ಹೂ ಜಾರಿತು. ಗಂಡ ಹೆಂಡತಿ ಇಬ್ಬರ ಮುಖವೂ ಅರಳಿತು. ಸದ್ಯ, ಮುಗಿಯಿತು ಎಂದುಕೊಂಡೆ.

ಬರುವಾಗ ಗಾಡಿಯನ್ನು ತಮ್ಮ ನೇರವಾಗಿ ಮಹದೇವುವಿನ ಶೆಡ್ಡಿಗೆ ತಿರುಗಿಸಿ, “ಎಂಜಿನ್ ಬಿಚ್ಚು,” ಎಂದ.

ಪ್ರೇಮಲೀಲಾ ರಸ್ತೆಯಲ್ಲೇ ನಿಂತಳು. “ಇಲ್ಯಾಕ್ರೀ? ಜಾವಾಕ್ಕೆ ಅಪ್ಪಣೆ ಆಯ್ತಲ್ಲ.”

“ಜಾವಾಕ್ಕಾ? ಬೋರು ಮಾಡಿಸ್ಲಾ ಅಂತ ಕಣೇ ನಾನು ಕೇಳಿದ್ದು.”

“ನಾನು ಜಾವಾ ತರ್ಲಾ ಅಂತ ಕೇಳ್ದೆ.”

ಇಬ್ಬರೂ ನನ್ನತ್ತ ತಿರುಗಿದರು. “ಭಾವ, ನೀವೇನು ಕೇಳಿದ್ರಿ?”

“ಇದು ಬೇಗ ಮುಗೀಲಿ ಅಂತ.”

ಒಂದು ಹೂವಿನ ಮೇಲೆ ಮೂರು ಪ್ರಶ್ನೆ ಹೇರಿದ್ದೆವು. ಮಹದೇವು ಸ್ಪ್ಯಾನರ್ ಹಿಡಿದುಕೊಂಡೇ ನಕ್ಕ.

ಎಂಜಿನ್ ಬಿಚ್ಚಿದ್ದಾಯಿತು. ಮನೆಯಲ್ಲಿ ಪ್ರೇಮಲೀಲಾ ಗಂಡನ ಜೊತೆ ಮಾತು ಬಿಟ್ಟಳು. ಬುಧವಾರ ಇವನು ಶೆಡ್ಡಿಗೆ ಓಡಿ, “ಬೋರು ಬೇಡ, ತಡಿ,” ಎಂದು ಬಂದ. ಗುರುವಾರ ಜಾವಾ ಅಂಗಡಿಗೆ ಹೋಗಿ, ಹೊಸ ಗಾಡಿಯ ಮೇಲೆ ಕೂತು, ಹಾರನ್ ಹೊಡೆದು ನೋಡಿ, ಎದ್ದು ಮತ್ತೆ ಶೆಡ್ಡಿಗೆ ಬಂದು, “ಬೋರೇ ಮಾಡು,” ಎಂದ. ಅಷ್ಟರಲ್ಲಿ ಮಹದೇವು ಇನ್ನೊಬ್ಬರ ಗಾಡಿಗೆ ಕೈ ಹಾಕಿದ್ದ.

“ಪ್ರಭಣ್ಣ, ನಿಮ್ಮ ಮನಸ್ಸನ್ನ ಮೊದ್ಲು ಬೋರು ಮಾಡಿಸ್ಕೊಂಡು ಬನ್ನಿ,” ಎಂದನಂತೆ.

ಶುಕ್ರವಾರ ಸಂಜೆ ನಮ್ಮ ಬಿ.ಎಸ್.ಎ. ಗೋಣಿತಾಟಿನ ಮೇಲೆ ತುಂಡುತುಂಡಾಗಿ ಮಲಗಿತ್ತು. ಹೊಸ ಪಿಕ್ಚರಿನ ಪೆಟ್ಟಿಗೆಯನ್ನು ಜಟಕಾಕ್ಕೆ ಹೇರಿ ಹುಣಸೂರು ರಸ್ತೆಯಲ್ಲಿ ಹೊರಟೆವು. ಪೆಟ್ಟಿಗೆ ಉರುಳದಂತೆ ನಾನು ತಬ್ಬಿಕೊಂಡು ಕೂತೆ. ಕುದುರೆ ಅದರ ಪಾಡಿಗೆ ಅದು ನಡೆಯಿತು. ಇಲವಾಲ ಇನ್ನೂ ದೂರವಿರುವಾಗಲೇ ಶಿಳ್ಳೆ ಕೇಳಿಸಿತು.

ಕೃಷ್ಣಸ್ವಾಮಿಯವರು ಟೆಂಟಿನ ಹೊರಗೆ ನಿಂತಿದ್ದರು. ಬೈಯಲಿಲ್ಲ. ನನ್ನ ಕೈಯಿಂದ ಪೆಟ್ಟಿಗೆಯನ್ನು ತಾವೇ ಇಳಿಸಿಕೊಂಡರು. “ಉಳಿದರ್ಧ ತರೋಕೆ ಜನ ಕಳಿಸಿದೀನಿ ಕಣಯ್ಯ ಪ್ರಭು. ನಾಳೆಯಿಂದ ನೀನು ಬರಬೇಡ,” ಎಂದರು. ಒಳಗೆ ಬೆಂಚೊಂದು ಮುರಿದ ಸದ್ದಾಯಿತು. ಅವರು ಓಡಿದರು.

ಅದೇ ಜಟಕಾದಲ್ಲಿ ಹಿಂತಿರುಗಿದೆವು. ತಲೆ ತಗ್ಗಿಸಿಕೊಂಡು ಕೂತಿದ್ದ ತಮ್ಮ.

“ಅಣ್ಣ.”

“ಹೂಂ.”

“ಕೆಲ್ಸಾನೇ ಹೋದ್ಮೇಲೆ ಗಾಡಿ ಯಾಕೆ? ಮಾರ್ಬುಡ್ತೀನಿ.”

ಇಷ್ಟು ದಿನಕ್ಕೆ ಅವನ ಬಾಯಿಂದ ಒಂದು ಕಡ್ಡಿ ಮುರಿದಂಥ ಮಾತು ಬಂದಿತ್ತು. “ಮಾರು,” ಎಂದೆ.

ಚಕ್ರ ಇನ್ನೊಂದಿಷ್ಟು ದೂರ ಉರುಳಿತು.

“ಜೋಡ್ಸಿ ಮಾರೋದೋ, ಬಿಡಿಬಿಡಿಯಾಗೇ ಮಾರೋದೋ ಅಣ್ಣ?”

ನಾನು ಜಟಕಾ ನಿಲ್ಲಿಸಿ, ಇಳಿದು, ಮುಂದೆ ಜಟಕಾದವನ ಪಕ್ಕಕ್ಕೆ ಹೋಗಿ ಕೂತೆ.