ಮೂರು ಸುರುಳಿ, ಒಂದು ಕೆಂಪು ಚೀಟಿ

ಮಂಗಳವಾರ ಬಿಚ್ಚುತ್ತಾರೆ, ಗುರುವಾರ ಮತ್ತೆ ಕಟ್ಟುತ್ತಾರೆ. ಮೂರು ವಾರದಿಂದ ಇದೇ ಕಥೆ. ಮೂರು ವಾರವೂ ನಮ್ಮ ಗಿರಾಕಿ ವಿಲ್ಮಾ ಸ್ಟುಟ್ಜ್‌ಮನ್‌ಗೆ ಸಬೂಬು ಹೇಳುವ ಕೆಲಸ ನನ್ನ ತಲೆಗೇ ಬಂದಿತ್ತು.

ಇಪ್ಪತ್ತೆರಡು ವರ್ಷ ನಾನು ಹಳೆ ಟೆಲಿಫೋನ್ ಕಂಪನಿಯಲ್ಲಿ ದುಡಿದವಳು. ಅವರು ಸಾಕು ಹೋಗಮ್ಮ ಎಂದ ಮೇಲೆ ಎದುರಾಳಿಯ ಪುಟ್ಟ ಕಂಪನಿ ಸೇರಿದೆ. ನಮಗೆ ಸ್ವಂತದ್ದು ಅಂತ ಒಂದು ಗಜ ತಂತಿಯೂ ಇಲ್ಲ. ಹಳೆ ಕಂಪನಿಯ ತಾಮ್ರದ ತಂತಿಯನ್ನೇ ಬಾಡಿಗೆಗೆ ಪಡೆದು ಅದರ ಮೇಲೆ ವೇಗದ ಇಂಟರ್ನೆಟ್ ಕೊಡುತ್ತೇವೆ. ಕೇಳಿದವರಿಗೆ ಕೊಡಲೇಬೇಕು ಎಂದು ವಾಷಿಂಗ್ಟನ್ನಿನಲ್ಲಿ ಕಾನೂನು ಮಾಡಿ ನಾಲ್ಕು ವರ್ಷವಾಗಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ವಿಲ್ಮಾಳ ಮನೆ ಕೋಲ್ ರನ್ ಗುಡ್ಡದ ಮೇಲೆ, ಎಕ್ಸ್‌ಚೇಂಜಿನಿಂದ ಮೂರೂವರೆ ಮೈಲಿ. ಅಷ್ಟು ಉದ್ದದ ತಂತಿಯಲ್ಲಿ ಮಾತು ಸೊರಗದಿರಲಿ ಎಂದು ಹಿಂದಿನವರು ಮೂರು ಕಡೆ ಸುರುಳಿ ಕೂರಿಸಿದ್ದರು. ಮಾತಿಗೆ ಅದು ಒಳ್ಳೆಯದು, ಇಂಟರ್ನೆಟ್ಟಿಗೆ ಅದೇ ಅಡ್ಡಗೋಡೆ. ಹಳೆ ಕಂಪನಿಯವರೇ ಬಂದು ಸುರುಳಿ ಕಿತ್ತು ತಂತಿಯನ್ನು ಹದ ಮಾಡಿದರೆ ಮಾತ್ರ ನಮ್ಮ ಕೆಲಸ ಶುರು. ಅವರು ಮಂಗಳವಾರ ಕಿತ್ತದ್ದು ಗುರುವಾರ ಮತ್ತೆ ಅಲ್ಲೇ ಕೂತಿರುತ್ತಿತ್ತು. ಆ ಮನೆಗೆ ಎರಡು ಜೋಡಿ ತಂತಿ ಇತ್ತು. ಒಂದು ಅವಳ ಫೋನಿನದು. ಇನ್ನೊಂದು ಮಹಡಿಯಲ್ಲಿದ್ದ ಅವಳಮ್ಮನದು, ಆಕೆ ತೀರಿಕೊಂಡಾಗಿನಿಂದ ಸುಮ್ಮನೆ ಬಿದ್ದಿತ್ತು. ನಾವು ಬಾಡಿಗೆಗೆ ಹಿಡಿದದ್ದು ಅದನ್ನೇ.

ವಿಲ್ಮಾ ಆಸ್ಪತ್ರೆಯ ಡಾಕ್ಟರುಗಳು ಹೇಳಿದ್ದನ್ನು ಕೇಳಿ ಟೈಪು ಮಾಡುವವಳು. ಗಂಡ ಅರ್ಲ್‌ಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ. ಸೋಮವಾರದೊಳಗೆ ಮನೆಗೆ ವೇಗದ ತಂತಿ ಬಂದವರು ಮನೆಯಿಂದಲೇ ಟೈಪು ಮಾಡಬಹುದು, ಉಳಿದವರು ಆಸ್ಪತ್ರೆಗೆ ಬರಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಆಸ್ಪತ್ರೆ ಹೇಳಿಬಿಟ್ಟಿತ್ತು. ಅರ್ಲ್‌ನನ್ನು ಬಿಟ್ಟು ಅವಳು ಅಂಗಡಿಗೂ ಹೋಗುವ ಹಾಗಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ನಮ್ಮ ಯಂತ್ರ ಮತ್ತೆ ಕೆಂಪು ದೀಪ ತೋರಿಸಿತು. ಹಳೆ ಕಂಪನಿಯ ಆರ್ಡರ್ ಕೇಂದ್ರಕ್ಕೆ ಫೋನು ಹಚ್ಚಿದೆ.

"ನಿಮ್ಮ ಆರ್ಡರು ಮುಗಿದಿದೆ ಅಂತ ತೋರಿಸ್ತಿದೆ ಮೇಡಂ" ಎಂದಳು ಅಲ್ಲಿನ ಹುಡುಗಿ.

"ಮುಗಿದಿದೆ ಕಣಮ್ಮ, ಮೂರು ಸಲ ಮುಗಿದಿದೆ. ಮುಗಿದದ್ದನ್ನ ಯಾರೋ ಬಂದು ಮತ್ತೆ ಶುರು ಮಾಡ್ತಿದಾರೆ."

"ಹಾಗಾದ್ರೆ ಹೊಸ ಆರ್ಡರು ಹಾಕಿ ಮೇಡಂ. ಹತ್ತು ದಿನ ಆಗತ್ತೆ."

ಮೈಯೆಲ್ಲ ಉರಿದುಹೋಯಿತು. ಫೋನ್ ಇಡುವಷ್ಟರಲ್ಲಿ ವಿಲ್ಮಾಳದ್ದು ಬಂತು.

"ಇವತ್ತು ಏನು ಹೇಳ್ತೀರಾ?"

"ಇನ್ನೊಂದು ದಿನ ಕೊಡಿ."

"ನಾನೆಲ್ಲಿಂದ ಕೊಡ್ಲಿ? ಆ ಗುರುವಾರದವನು ಇದಾನಲ್ಲ, ಅವನು ಒಂದ್ಸಲ ನನ್ನ ಕೈಗೆ ಸಿಗ್ಲಿ. ಅವನ ಕೈಗೆ ಹುಳ ಬೀಳ!"

"ಬೀಳ್ಲಿ" ಎಂದು ನಾನೂ ಮನಸಾರೆ ಸೇರಿಸಿದೆ.

ಎಕ್ಸ್‌ಚೇಂಜಿಗೆ ಕಾರು ಓಡಿಸಿದೆ. ಅಲ್ಲಿ ನಮ್ಮ ಯಂತ್ರಗಳಿಗೆಂದು ಒಂದು ಮೂಲೆ ಬಾಡಿಗೆಗೆ ಕೊಟ್ಟಿದ್ದಾರೆ, ಸುತ್ತ ತಂತಿಜಾಲರಿ, ಕೋಳಿಗೂಡೇ ಸರಿ. ಅದರಾಚೆ ಹೆಜ್ಜೆ ಇಡುವಂತಿಲ್ಲ. ಇಪ್ಪತ್ತೆರಡು ವರ್ಷ ನಾನು ಓಡಾಡಿದ ನೆಲವನ್ನು ಈಗ ಜಾಲರಿಯ ಕಣ್ಣಿನಲ್ಲಿ ನೋಡಬೇಕು. ಆಚೆ ಬರ್ನಿ ಯುರ್ಕಾನಿನ್ ಏಣಿಯ ಮೇಲಿದ್ದ, ನನ್ನ ಜತೆಗೇ ಕೆಲಸಕ್ಕೆ ಸೇರಿದವನು.

"ಏನೇ ಲೊರೇನ್, ಗೂಡು ಹಿತವಾಗಿದ್ಯಾ?"

"ಕಾಳು ಹಾಕಕ್ಕೆ ಬಂದ್ಯಾ? ಇಳಿಯೋ ಮಾರಾಯ. ಕೋಲ್ ರನ್ ಸುರುಳಿ ಯಾರು ವಾಪಸ್ ಹಾಕ್ತಿರೋದು?"

"ನಮ್ಮ ಗಸ್ತಿನವರು. ಪ್ರತಿ ಗುರುವಾರ ಅದಕ್ಕೆ ಪರೀಕ್ಷೆ ಇದೆ. ಸುರುಳಿ ಇಲ್ದಿದ್ರೆ ಹಾಕಿ ಬರ್ತಾರೆ."

"ಸತ್ತುಬಿದ್ದ ತಂತಿಗೆ ವಾರ ವಾರ ಪರೀಕ್ಷೆಯಾ? ಯಾವ ಮಹಾನುಭಾವ ಕಣೋ ಹಾಗೆ ಮಾಡಿಟ್ಟಿದ್ದು?"

"ಕೆಂಪು ಚೀಟಿ ಇದೆ. ತಡಿ, ತರ್ತೀನಿ."

ತಂದು ಜಾಲರಿಗೆ ಒತ್ತಿ ಹಿಡಿದ. ಬಣ್ಣ ಮಾಸಿದ ರಟ್ಟಿನ ಮೇಲೆ ದಪ್ಪ ಅಕ್ಷರ: ಈ ಜೋಡಿಯ ಸುರುಳಿ ಯಾರೇ ಬಿಚ್ಚಿದರೂ ತಕ್ಷಣ ಹಾಕತಕ್ಕದ್ದು. ಪ್ರತಿ ಗುರುವಾರ ಪರೀಕ್ಷಿಸತಕ್ಕದ್ದು. ಕೆಳಗೆ 1979ರ ತಾರೀಖು, ಇಪ್ಪತ್ತೊಂದು ವರ್ಷ ಹಳೆಯದು. ಅದರ ಕೆಳಗೆ ನನ್ನ ರುಜು.

ಬರ್ನಿ ನಗುವುದಕ್ಕೆ ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ.

ಎಲ್ಲ ನೆನಪಾಯಿತು. ಹೆಲೆನ್ ದ್ರೊಬ್ನಾಕ್ ಎಂಬ ಮುದುಕಿ, ಈ ವಿಲ್ಮಾಳ ಅಮ್ಮ, ಕಿವಿ ಮಂದ. ನಮ್ಮವರು ಬೇರೆ ತಂತಿಯೆಂದು ತಿಳಿದು ಆಕೆಯದರ ಸುರುಳಿ ಕಿತ್ತಿದ್ದರು. ದೂರದೂರಿನಲ್ಲಿ ಸಾಯುತ್ತಿದ್ದ ತಂಗಿಯ ಮಾತು ಒಂದೂ ಕೇಳಿಸಲಿಲ್ಲ ಎಂದು ಆಕೆ ನಮ್ಮ ಕೌಂಟರಿನ ಮುಂದೆ ನಿಂತು ಅತ್ತಿದ್ದಳು. ನನಗೆ ಆಗ ಮೂವತ್ತೊಂದು, ಮೂಗಿನ ತುದಿಯಲ್ಲೇ ಸಿಟ್ಟು. ಅಂದೇ ಸುರುಳಿ ವಾಪಸ್ ಹಾಕಿಸಿ, ಇನ್ನು ಯಾವನು ಮುಟ್ಟುತ್ತಾನೋ ನೋಡೋಣ ಎಂದು ಈ ಚೀಟಿ ಬರೆದಿದ್ದೆ. ಆಕೆ ಸತ್ತು ಒಂಬತ್ತು ವರ್ಷವಾದರೂ ಯಾರೂ ಅದನ್ನು ತೆಗೆದಿರಲಿಲ್ಲ. ಹಳೆ ಕಂಪನಿಯವರು ನನ್ನ ಒಂದು ಮಾತನ್ನಾದರೂ ಕೇಳಿದ್ದರೆ ಅದು ಇದೊಂದೇ. ಮಾಡಿದ್ದುಣ್ಣೋ ಮಹಾರಾಯ.

"ಹರಿದು ಹಾಕೋ" ಎಂದೆ.

"ರುಜು ಹಾಕಿದವರೇ ರದ್ದು ಮಾಡಬೇಕು. ಅದು ನೀನೇ ಹೇಳಿಕೊಟ್ಟಿದ್ದು."

"ಸರಿ, ಕೊಡು ಇಲ್ಲಿ."

"ನೀನೀಗ ನಮ್ಮವಳಲ್ವಲ್ಲೇ."

"ರುಜು ಹಾಕೋಳು ನೌಕರಿಯಲ್ಲಿರಬೇಕು ಅಂತ ಎಲ್ಲಾದ್ರೂ ಬರ್ದಿದೆಯಾ? ಹಿಂದುಮುಂದು ತಿರುಗಿಸಿ ಓದು."

ಅವನು ಕನ್ನಡಕ ಏರಿಸಿ ಎರಡೂ ಕಡೆ ಓದಿದ. "ಬರ್ದಿಲ್ಲ. ಬರೆಯೋವಾಗ ನಿಂಗೂ ಹೊಳೆದಿಲ್ಲ ಬಿಡು."

ಜಾಲರಿಯ ಕಣ್ಣಿನಲ್ಲಿ ಚೀಟಿ ತೂರಲಿಲ್ಲ, ಪೆನ್ನು ತೂರಿತು. ಅವನು ಆ ಕಡೆ ಒತ್ತಿ ಹಿಡಿದ, ನಾನು ಈ ಕಡೆಯಿಂದ ರದ್ದು ಎಂದು ಬರೆದೆ. ಕೋಳಿ ಕೆರೆದ ಹಾಗೆ ಬಂತು.

"ಆದ್ರೆ ಸುರುಳಿ ಬಿಚ್ಚೋರು ಬರೋದು ಮಂಗಳವಾರವೇ" ಎಂದ ಬರ್ನಿ.

"ಬರ್ನಿ, ಅವಳಿಗೆ ಸೋಮವಾರವೇ ಕೊನೆ. ನನ್ನ ಕೈಯಾರೆ ಆಗಿರೋದು ಇದು. ನಿನ್ನ ಕಾಲು ಹಿಡೀತೀನಿ, ಈ ಜಾಲರಿ ಬಿಟ್ರೆ."

ಅವನು ಗಡಿಯಾರ ನೋಡಿದ, ಬೈದುಕೊಂಡ, ಏಣಿ ಮಡಚಿದ. "ಇವತ್ತು ಶುಕ್ರವಾರ. ಚರ್ಚಿನಲ್ಲಿ ಪಿರೋಗಿ ಕಡುಬು ಮಾರೋದು ಐದು ಗಂಟೆವರೆಗೆ ಮಾತ್ರ. ನಾನು ಗುಡ್ಡಕ್ಕೆ ಹೋಗಿ ಬಿಚ್ಚಿ ಬರ್ತೀನಿ, ಎರಡು ಡಜನ್ ನಂಗೆ ತೆಗೆದಿಡ್ಸು."

ನಾಲ್ಕೂವರೆಗೆ ನಮ್ಮ ಗೂಡಿನ ದೀಪ ಹಸಿರಾಯಿತು. ಪಿರೋಗಿ ಕಾರಿನಲ್ಲಿ ಆರುತ್ತಿತ್ತು. ನಾನು ಆ ದೀಪ ನೋಡುತ್ತ ಅಲ್ಲೇ ಕೂತೆ. ವಿಲ್ಮಾಳ ಫೋನು ಬಂತು.

"ಬಂತು ಕಣ್ರೀ! ಡಾಕ್ಟ್ರ ಗಂಟ್ಲು ಕೆರೆಯೋದೂ ಕೇಳ್ತಿದೆ. ಅರ್ಲ್ ಬಲಗೈಲಿ ಮಂಚ ಕುಟ್ತಿದಾನೆ ಖುಷಿಗೆ. ಸಿಕ್ಕನಾ ಆ ಗುರುವಾರದವನು?"

ಹೇಳದೆ ಇದ್ದುಬಿಡಬಹುದಿತ್ತು. "ಸಿಕ್ಕಿದ. ಅವನಲ್ಲ, ಅವಳು. ನಾನೇ" ಎಂದು ಎಲ್ಲವನ್ನೂ ಹೇಳಿದೆ.



"ಅಂದ್ರೆ ಮೂರು ವಾರ ನಾನು ಬೈದಿದ್ದೆಲ್ಲ ನಿಮಗೇನಾ?"

"ನಂಗೇ."

"ಬೈದಿದ್ದು ವಾಪಸ್ ತಗೊಳ್ಳಲ್ಲ ನಾನು. ಬಾಯ್ತುಂಬ ಬೈದಿದೀನಿ." ಮೂಗು ಒರೆಸಿಕೊಂಡ ಸದ್ದು. "ಆದ್ರೆ ಚಿಕ್ಕಮ್ಮ ಸಾಯೋ ಹಿಂದಿನ ದಿನ ಅಮ್ಮ ಅವಳ ಜತೆ ಒಂದು ಗಂಟೆ ಮಾತಾಡಿದ್ಲು, ಒಂದೊಂದು ಮಾತೂ ಕೇಳಿಸಿತ್ತು. ಟೆಲಿಫೋನ್ ಹುಡುಗಿಗೆ ಅಂತ ಪ್ರತಿ ಭಾನುವಾರ ಮೇಣದಬತ್ತಿ ಹಚ್ತಿದ್ಲು ಅಮ್ಮ, ಸಾಯೋವರೆಗೂ. ಹೆಸರು ಮಾತ್ರ ಅವಳಿಗೆ ಗೊತ್ತಿರ್ಲಿಲ್ಲ."