ಹೊಟ್ಟೆಯೊಳಗಿನ ಬೆಲ್ಲ

"ಬೋಳೀಮಗನ, ಅಂಗಿ ಎತ್ತು. ಎಷ್ಟು ಕುಡದೀಯೋ?"

ಸೊಲ್ಲಾಪುರದ ಡಾಕ್ಟರ್ ದುರ್ಗಪ್ಪನ ಹೊಟ್ಟೆಯನ್ನು ಬೆರಳಿನಿಂದ ಬಡಿದು ನೋಡಿದ. ಕೈಕಾಲು ಒಣಕಟ್ಟಿಗೆ, ಹೊಟ್ಟೆ ಮಾತ್ರ ದಿನ ತುಂಬಿದ ಬಸುರಿಯದು. ಕಣ್ಣು ಅರಿಶಿನವಾಗಿದ್ದವು.

"ಲಿವರ್ ಹೋಗೇತಿ. ದಾರೂಬಂದಿ ಐತಿ, ಕುಡಿಯೂದು ಗುನ್ನೆ ಅನ್ನೂದು ಗೊತ್ತಿಲ್ಲೇನು? ಪೊಲೀಸರನ್ನ ಕರೀಲೇನು?"

ಹೆಂಡತಿ ತುಳಜಾಬಾಯಿ ಕೈಮುಗಿದಳು. "ಇವರಿಗೂ ಒಂದು ಪರವಾನಗಿ ಚೀಟಿ ಬರದು ಕೊಡ್ರಿ ಸಾಹೇಬ್ರ. ನಮ್ಮ ಸಾವಕಾರ ಸಾತಲಿಂಗಪ್ಪಗ ಕೊಟ್ಟೀರಲ್ರಿ, ಮೈ ಪ್ರಕೃತಿಗೆ ದಾರೂ ಬೇಕು ಅಂತ. ಅವರ ಹೊಟ್ಟಿ ಊದಿಲ್ಲ."

ಪರವಾನಗಿ ಅಂಗಡಿಯಿಂದ ಸಾಹುಕಾರನ ಬಾಟಲಿ ಹೊತ್ತು ತರುತ್ತಿದ್ದವನು ಅವನ ಹಮಾಲ ದುರ್ಗಪ್ಪನೇ. ಇದು ಡಾಕ್ಟರು ಬರೆದ ಔಷಧ ಎಂದು ಸಾಹುಕಾರ ಹೇಳಿದ್ದನ್ನು ಗಂಡಹೆಂಡತಿ ನಂಬಿದ್ದರು. ಚೀಟಿ ಇದ್ದರೆ ದಾರೂ ಮೈಗೆ ಹತ್ತುತ್ತದೆ, ಇಲ್ಲದಿದ್ದರೆ ಕೊಲ್ಲುತ್ತದೆ ಎಂದುಕೊಂಡಿದ್ದರು.

"ನಮ್ಮಣ್ಣ ಗಡಿಯಾಚಿ ಆಳಂದದಾಗ ಖುಲ್ಲಾ ಅಂಗಡ್ಯಾಗ ಕುಡೀತಾನ. ಗಟ್ಟಿ ಅದಾನ. ಬಂದಿ ಇದ್ದಲ್ಲೇ ಹೊಟ್ಟಿ ಯಾಕ ಊದತಾವರಿ?"

ಡಾಕ್ಟರ್ ನಕ್ಕ. "ಹುಚ್ಚರಂಡಿ, ಚೀಟಿ ಹೊಟ್ಟಿ ನೋಡಿ ಕೊಡೂದಲ್ಲ, ತಲಿಮ್ಯಾಲಿನ ರುಮಾಲ ನೋಡಿ ಕೊಡೂದು. ನಿನ್ನ ಗಂಡ ಕುಡದದ್ದು ಕೊಳತ ಬೆಲ್ಲ, ನವಸಾಗರ. ನಡಿ ಇನ್ನ."

ಕೊಳೆತ ಬೆಲ್ಲ. ಯಾರದು ಆ ಬೆಲ್ಲ? ಅಕ್ಕಲಕೋಟೆಯ ಹಳ್ಳದ ಕಳ್ಳಭಟ್ಟಿಗೆ ತನ್ನ ಹಿತ್ತಲ ಗೋದಾಮಿನಿಂದ ದುರ್ಗಪ್ಪನ ಕೈಲಿ ಬೆಲ್ಲದ ಚೀಲ ಹೊರಿಸುತ್ತಿದ್ದವನು ಸಾತಲಿಂಗಪ್ಪ. ಅರ್ಧ ಕೂಲಿ ರೊಕ್ಕ, ಅರ್ಧ ಅದೇ ಭಟ್ಟಿಯ ದಾರೂ, ಅದು ಅವನ ಪದ್ಧತಿ. ಊರ ದಾರೂಬಂದಿ ಸಮಿತಿಗೆ ಅಧ್ಯಕ್ಷನೂ ಅವನೇ. ಹೇಳೋದು ಶಾಸ್ತ್ರ, ಹಾಕೋದು ಗಾಳ! ತುಳಜಾಬಾಯಿಗೆ ಮೈಯೆಲ್ಲ ಉರಿಯಿತು.

ಊರಿಗೆ ಮರಳುವ ಎಸ್‌ಟಿ ಬಸ್ಸು ಕುಂಭಾರಿ ಹಳ್ಳಿ ದಾಟುವಾಗ ದುರ್ಗಪ್ಪ ನರಳಿದ. "ಮನಿಗೆ ಹೋಗೂನು."

"ಮೊದಲ ಸಾವಕಾರನ ಅಂಗಡಿಗೆ."

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಸಾತಲಿಂಗಪ್ಪ ಸಮಿತಿಯವರೊಂದಿಗೆ ಚಹಾ ಕುಡಿಯುತ್ತಿದ್ದ. ತುಳಜಾಬಾಯಿ ತೂಕದ ಕಾಟಾದ ಮೇಲಿದ್ದ ಬೆಲ್ಲದ ಪೆಂಟೆಯನ್ನು ಕೆಳಗೆ ನೂಕಿ, ಗಂಡನನ್ನು ಅಲ್ಲಿ ಕೂರಿಸಿದಳು.

"ಏ ಸೂಳಿ, ಇಳಸ ಅವನ್ನ. ಕಾಟಾ ಮೈಲಿಗಿ ಆತು."

"ತೂಗ್ರಿ ಸಾವಕಾರ್ರ," ಎಂದು ಅವಳು ಗಂಡನ ಅಂಗಿ ಎತ್ತಿದಳು. "ನಿಮ್ಮ ಬೆಲ್ಲ ಎಲ್ಲಾ ಇದರಾಗ ಐತಿ. ಅದನ್ನ ತಗೊಂಡು ನನ್ನ ಗಂಡನ್ನ ತಿರುಗಿ ಕೊಡ್ರಿ."

ಗಿರಾಕಿಗಳು ಹೊಟ್ಟೆಯನ್ನು ನೋಡಿದರು, ಆಮೇಲೆ ಸಾಹುಕಾರನನ್ನು. ಸಾತಲಿಂಗಪ್ಪ ಗುಮಾಸ್ತನಿಗೆ ಬಾಗಿಲು ಹಾಕೆಂದ.

ತುಳಜಾಬಾಯಿ ಹೋಗಿ ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಮೇಲೆ ಕುಳಿತಳು.