ಮುಂಗಡ ಸ್ತೋತ್ರ

ಚರ್ಚಿನ ಬುಧವಾರದ ಸ್ತ್ರೀಯರ ಕೂಟದಲ್ಲಿ ಯಾರೂ ಜಂಬ ಕೊಚ್ಚುತ್ತಿರಲಿಲ್ಲ. ಜಂಬ ಪಾಪವೆಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಅದಕ್ಕೇ ಅವರು ಪ್ರಾರ್ಥನೆ ಕೇಳಿಕೊಳ್ಳುತ್ತಿದ್ದರು. ಮಗನಿಗೆ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ, ಯಾವುದು ದೇವರ ಚಿತ್ತವೋ ತಿಳಿಯದೆ ತಲೆ ಕೆಟ್ಟಿದೆ, ದಯವಿಟ್ಟು ಪ್ರಾರ್ಥಿಸಿ. ಹೊಸ ಮನೆಯಲ್ಲಿ ಕೋಣೆಗಳು ಜಾಸ್ತಿ, ಗುಡಿಸಿ ಒರೆಸಿ ಸೊಂಟ ಬಿದ್ದುಹೋಗಿದೆ, ಬಲ ಸಿಗಲೆಂದು ಪ್ರಾರ್ಥಿಸಿ. ಹೀಗೆ ಒಬ್ಬೊಬ್ಬರೂ ತಮ್ಮ ಭಾರವನ್ನು ನಡುವಿನ ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಳಿಸುತ್ತಿದ್ದರು. ಉಳಿದವರು ಕಣ್ಣು ಮುಚ್ಚಿಕೊಂಡು ಅದರ ತೂಕ ಅಂದಾಜು ಮಾಡುತ್ತಿದ್ದರು.

ಆ ಕೂಟದಲ್ಲಿ ಹಲ್ಲಿನಕ್ಕ ಎಂದು ಕರೆಸಿಕೊಳ್ಳುತ್ತಿದ್ದವಳು ಕಟ್ಟುಹಲ್ಲು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದರಲ್ಲಿ ಅಚ್ಚಿನ ಬಿಳಿ ಹಿಟ್ಟಿನ ಧೂಳು, ಇನ್ನೊಂದರಲ್ಲಿ ಕರಗಿದ ಮೇಣದ ವಾಸನೆ. ದಂತವೈದ್ಯರು ಕಳಿಸಿದ ಬಾಯಚ್ಚಿನ ಮೇಲೆ ಗುಲಾಬಿ ಮೇಣದಿಂದ ಒಸಡು ಕಟ್ಟಿ, ಪುಟ್ಟ ದೀಪದ ಉರಿಯಲ್ಲಿ ಕಾಸಿದ ಚಾಕು ಹಿಡಿದು ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಹೊಸ ಹಲ್ಲು ಬಾಯಲ್ಲಿ ಎದ್ದು ಕಾಣಬಾರದು. ಪಕ್ಕದ್ದಕ್ಕಿಂತ ಒಂದು ಛಾಯೆ ಬೆಳ್ಳಗೂ ಇರಬಾರದು, ಒಂದು ಛಾಯೆ ಮಾಸಲೂ ಇರಬಾರದು. ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಿ ನೋಡುವುದಕ್ಕೆ ಅವಳಿಗೆ ಸಂಬಳವೇ ಬರುತ್ತಿತ್ತು ಎನ್ನಿ. ತೊಂದರೆಯೆಂದರೆ, ಸಂಜೆ ಏಪ್ರನ್ ಬಿಚ್ಚಿಟ್ಟ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ. ಬಸ್ಸಿನಲ್ಲಿ, ದೇವಾಲಯದ ಬೆಂಚಿನಲ್ಲಿ, ಶಾಲೆಯ ಗೇಟಿನ ಮುಂದೆ, ಅವಳು ಊರವರ ಮಕ್ಕಳನ್ನೆಲ್ಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಅವಳ ಒಬ್ಬಳೇ ಮಗಳಿಗೆ ಹದಿನಾರು ವರ್ಷ. ಹುಡುಗಿಗೆ ಉಗ್ಗು ಇತ್ತು. ಮಾತು ಎಲ್ಲಾದರೂ ಸಿಕ್ಕಿಕೊಂಡರೆ ಗದ್ದ ತುಸು ಮೇಲೆತ್ತಿ, ಬಸ್ಸಿಗೆ ಕಾಯುವವರ ಹಾಗೆ ಅದು ಬರುವ ತನಕ ನಿಂತಿರುತ್ತಿದ್ದಳು. ಬಂದ ಮಾತು ಮಾತ್ರ ಹರಿತವಾಗಿರುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಅಪ್ಪನನ್ನು ಊಟದ ಹೊತ್ತಿನಲ್ಲಿ ನಗಿಸಿ ನಗಿಸಿ ನೆತ್ತಿಗೆ ಹತ್ತಿಸುತ್ತಿದ್ದಳು. ಅಪ್ಪನಿಗೆ ಈ ಉಗ್ಗಿನ ಬಗ್ಗೆ ಒಂದೇ ಸಿದ್ಧಾಂತ: ಲಿಫ್ಟ್ ನಡುವೆ ನಿಂತಾಗ ಸುಮ್ಮನೆ ಗುಂಡಿ ಒತ್ತುತ್ತಾ ಇರಬಾರದು. ಹೆಂಡತಿಗೆ ಈ ಸಿದ್ಧಾಂತ ರುಚಿಸುತ್ತಿರಲಿಲ್ಲ. ಲಿಫ್ಟಿಗೇನು, ಅದಕ್ಕೆ ಪಕ್ಕದ ಕಟ್ಟಡದ ಲಿಫ್ಟನ್ನು ತೋರಿಸಿ ಯಾರೂ ಮಾತಾಡುವುದಿಲ್ಲ.

ಪಕ್ಕದ ಕಟ್ಟಡ ಎಂದರೆ ಪಿಯಾನೊ ಅಕ್ಕ. ಪಿಯಾನೊ ಅಕ್ಕನಿಗೆ ಪಿಯಾನೊ ಬಾರಿಸಲು ಬರುತ್ತಿರಲಿಲ್ಲ. ಅದು ಅವಳ ಹಜಾರದಲ್ಲಿತ್ತು, ಮಗಳು ಬಾರಿಸುತ್ತಿದ್ದಳು. ಆ ಮಗಳಿಗೂ ಹದಿನಾರೇ. ಭಾನುವಾರದ ಆರಾಧನೆಯಲ್ಲಿ ಆ ಹುಡುಗಿ ಬೈಬಲಿನ ವಾಕ್ಯ ಓದಿದರೆ ರೇಡಿಯೊ ಹಚ್ಚಿದ ಹಾಗಿರುತ್ತದೆ ಎಂದು ಮುದುಕರು ಮೆಚ್ಚಿಕೊಳ್ಳುತ್ತಿದ್ದರು.

ಒಂದು ಬುಧವಾರ ಕೂಟ ಪಿಯಾನೊ ಅಕ್ಕನ ಮನೆಯಲ್ಲೇ ನಡೆಯಿತು. ತನ್ನ ಸರದಿ ಬಂದಾಗ ಅವಳು, ಮಗಳನ್ನು ದೊಡ್ಡ ಸಂಗೀತ ಸ್ಪರ್ಧೆಗೆ ಆರಿಸಿದ್ದಾರೆ, ಮಗು ಅಹಂಕಾರಕ್ಕೆ ಬೀಳದಿರಲಿ ಎಂದು ಎಲ್ಲರೂ ಪ್ರಾರ್ಥಿಸಬೇಕು ಎಂದಳು. ಹೆಂಗಸರು ನಿಟ್ಟುಸಿರಿಟ್ಟರು. ಆಮೇಲೆ ಅವಳು ಪಕ್ಕದಲ್ಲಿದ್ದ ಹಲ್ಲಿನಕ್ಕನ ಮೊಣಕಾಲಿನ ಮೇಲೆ ಮೆತ್ತಗೆ ಕೈಯಿಟ್ಟಳು.

"ನಿಮ್ಮ ಹುಡುಗಿ ನಾಲಿಗೆಗೋಸ್ಕರ ನಾನು ದಿನಾ ಬೆಳಗ್ಗೆ ಪ್ರಾರ್ಥನೆ ಮಾಡ್ತೀನಿ ಕಣ್ರೀ. ನನ್ನ ಮಗಳಿಗೂ ಹೇಳಿದೀನಿ, ಅವಳೂ ಮಾಡ್ತಾಳೆ."

ಇದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅದೇ ಅದರ ಅತಿ ಕೆಟ್ಟ ಗುಣ. ಬೇರೆಯವರ ಬೆಳಗಿನ ಪ್ರಾರ್ಥನೆಯಲ್ಲಿ ಕಾಯಂ ಜಾಗ ಪಡೆಯುವುದೆಂದರೆ ಏನೆಂಬುದು ಪಡೆದವರಿಗೇ ಗೊತ್ತು. ಆ ಹೆಣ್ಣುಮಗು ಪಿಯಾನೊ ಮುಚ್ಚಿಟ್ಟು, ಕಣ್ಣು ಮುಚ್ಚಿ, ಇವಳ ಮಗಳಿಗಾಗಿ ದೇವರ ಹತ್ತಿರ ಶಿಫಾರಸು ಮಾಡುವ ಚಿತ್ರ ಹಲ್ಲಿನಕ್ಕನ ಮುಂದೆ ಬಂದು ನಿಂತಿತು.

ಈ ಸಭೆಯಲ್ಲೊಂದು ಪದ್ಧತಿಯಿತ್ತು. ಬೇಡಿದ್ದು ಕೈಗೆ ಬರುವ ಮೊದಲೇ, ಬಂದೇ ಬಿಟ್ಟಿದೆಯೆಂದು ನಂಬಿ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಿಬಿಡುವುದು. ಹಾಗೆ ಹೇಳುವವರು ಮೊದಲು 'ನಂಬಿಕೆಯಿಂದ ಹೇಳ್ತೀನಿ' ಎಂದು ಒಂದು ಮಾತು ಸೇರಿಸುತ್ತಿದ್ದರು; ಆಗ ಕೇಳುವವರಿಗೂ ಇದು ಇನ್ನೂ ನಡೆದಿಲ್ಲ ಎಂದು ತಿಳಿಯುತ್ತಿತ್ತು. ಒಬ್ಬಾಕೆಯಂತೂ ಗಂಡನ ಬಡ್ತಿಗೆ ಹೀಗೆ ಮುಂಗಡ ಸ್ತೋತ್ರ ಹೇಳುತ್ತಲೇ ಇದ್ದಳು, ಗಂಡ ಇದ್ದ ಕುರ್ಚಿಯಿಂದಲೇ ನಿವೃತ್ತನಾದ.

"ಇನ್ನು ಬೇಡ ಅಕ್ಕಾ," ಎಂದಳು ಹಲ್ಲಿನಕ್ಕ. "ದೇವರಿಗೆ ಸ್ತೋತ್ರ. ಅವಳ ಉಗ್ಗು ವಾಸಿಯಾಯ್ತು."

ಸೇರಿಸಬೇಕಾದ ಮಾತನ್ನು ಸೇರಿಸಲಿಲ್ಲ. ಮರೆತೆನೆಂದು ಆಮೇಲೆ ತನಗೇ ಹೇಳಿಕೊಂಡಳು, ಮರೆತಿರಲಿಲ್ಲ. ಪಿಯಾನೊ ಅಕ್ಕನ ಕೈ ಮೊಣಕಾಲಿನಿಂದ ಎದ್ದುಹೋದದ್ದನ್ನು ಅವಳು ಬಿಸಿ ಚಹಾದಂತೆ ಗುಟುಕು ಗುಟುಕಾಗಿ ಸವಿದಳು.

ಸಭಾಪಾಲಕರ ಹೆಂಡತಿ, ಎಲ್ಲರೂ ಅಮ್ಮನವರೆಂದು ಕರೆಯುವಾಕೆ, ಸಂತೋಷಕ್ಕೆ ಕಣ್ಣೊರೆಸಿಕೊಂಡರು. ಬರುವ ಭಾನುವಾರ ಸ್ತ್ರೀಯರೇ ಆರಾಧನೆ ನಡೆಸುವ ದಿನ, ವಾಕ್ಯವನ್ನು ಆ ಮಗುವೇ ಓದಲಿ ಎಂದರು. ಯಾರಾದರೂ ಬೇಡವೆನ್ನುವ ಮೊದಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಹಲ್ಲಿನಕ್ಕನೂ ತಟ್ಟಿದಳು.

ಮನೆಯಲ್ಲಿ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದು ಬೀದಿ. ಮಗಳು ಅಂಗಡಿಯಿಂದ ಬರುವಾಗ ಸಭೆಯ ಇಬ್ಬರು ಹೆಂಗಸರು ಅಡ್ಡ ನಿಲ್ಲಿಸಿ, ಏನಾದರೂ ಮಾತಾಡು ಪುಟ್ಟಾ, ಕೇಳೋಣ ಎಂದಿದ್ದರು. ಹುಡುಗಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. ಪಾಪ, ನಾಚಿಕೆ ಎಂದುಕೊಂಡು ಅವರು ಕೆನ್ನೆ ತಟ್ಟಿ ಕಳಿಸಿದರು. ಮನೆಗೆ ಬಂದವಳು ಚೀಲವನ್ನು ಮೇಜಿನ ಮೇಲಿಟ್ಟು, ಅಮ್ಮ ಪಾತ್ರೆ ತೊಳೆದು ಮುಗಿಸುವವರೆಗೂ ಕಾದಳು. ಆಮೇಲೆ ಒಂದೊಂದೇ ಮಾತನ್ನು ಕಿತ್ತು ತೆಗೆಯುತ್ತಾ ಕೇಳಿದಳು, ತನಗೆ ಯಾವಾಗ ವಾಸಿಯಾಯಿತು, ಯಾರೂ ತನಗೆ ತಿಳಿಸಲಿಲ್ಲವಲ್ಲ ಎಂದು.

ಅಮ್ಮ ನಂಬಿಕೆಯ ವಿಷಯ ತೆಗೆದಳು. ತಾಯಿಯಾದವಳು ಮಗಳ ಮೇಲೆ ಇಷ್ಟಾದರೂ ಭರವಸೆ ಇಡಬೇಡವೇ ಎಂದಳು. ಮಾತು ಸಲೀಸಾಗಿ ಬಂತು, ವಾಕ್ಯದ ಮೇಲೆ ವಾಕ್ಯ. ಮಗಳು ಕೊನೆಯವರೆಗೂ ಕೇಳಿಸಿಕೊಂಡಳು.

"ನಂಗೆ ಮಾತು ಸಿಕ್ಕಿಹಾಕ್ಕೊಳ್ಳುತ್ತೆ," ಎಂದಳು. "ನಿಂಗೆ ಎಲ್ಲೂ ಸಿಕ್ಕಿಹಾಕ್ಕೊಳ್ಳಲ್ವಲ್ಲ ಅಮ್ಮಾ. ಒಂದ್ಸಲನಾದ್ರೂ ಸಿಕ್ಕಿಹಾಕ್ಕೊಬೇಕಿತ್ತು."

ಅಪ್ಪ ಒಳಕೋಣೆಯಿಂದ, ಅಮ್ಮನವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಾ ಎಂದ. ಅವಳು ಹೋಗಿಯೂ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಉರುಹೊಡೆದಳು: ತಪ್ಪಾಯಿತು, ಬರೀ ಆಸೆಯನ್ನು, ದೇವರು ಮಾಡಿಯಾದ ಉಪಕಾರದ ಸಾಕ್ಷಿಯೆಂದು ಹೇಳಿಬಿಟ್ಟೆ. ಅಮ್ಮನವರ ಹಜಾರದ ಬಾಗಿಲು ತೆಗೆದರೆ ಸೋಫಾದ ಮೇಲೆ ಪಿಯಾನೊ ಅಕ್ಕ ಕೂತಿದ್ದಳು, ಭಾನುವಾರದ ಹೂವಿನ ಅಲಂಕಾರದ ಚರ್ಚೆಯಲ್ಲಿದ್ದಳು. ಬನ್ನಿ ಬನ್ನಿ, ನಿಮ್ಮ ಮಗಳ ಮಾತೇ ಆಡ್ತಿದ್ವಿ ಎಂದಳು. ಹಲ್ಲಿನಕ್ಕ ಬಾಗಿಲಲ್ಲೇ ನಿಂತು, ಓದುವ ಭಾಗ ಸ್ವಲ್ಪ ಚಿಕ್ಕದಿದ್ದರೆ ಚೆನ್ನಾಗಿತ್ತು, ಹುಡುಗಿಗೆ ಪರೀಕ್ಷೆ ಹತ್ತಿರವಿದೆ ಎಂದು ಹೇಳಿ ಬಂದಳು.

ಅಮ್ಮನವರು ಉದಾರಿಗಳು. ಚಿಕ್ಕ ಭಾಗವನ್ನೇ ಆರಿಸಿದರು. ಯಾರು ಯಾರನ್ನು ಹೆತ್ತರು, ಹೆತ್ತವರನ್ನು ಯಾರು ಹೆತ್ತಿದ್ದರು, ಬರೀ ಹೆಸರುಗಳು. ನೀರು ಕುಡಿದ ಹಾಗೆ ಓದುವವರೂ ಅಲ್ಲಿ ಮುಗ್ಗರಿಸುತ್ತಾರೆ.

ಶನಿವಾರ ಸಂಜೆ ಅವಳು ಮಗಳ ಮುಂದೆ ಕೈಯೊರೆಸಿಕೊಳ್ಳುತ್ತಾ ನಿಂತಳು. ಬೇಡವಾದರೆ ಬೇಡ, ಏನಾದರೊಂದು ಹೇಳಿ ತಪ್ಪಿಸೋಣ ಎಂದಳು.

"ಏನು ಹೇಳ್ತೀಯ? ಜ್ವರ ಅಂತೀಯ," ಎಂದಳು ಮಗಳು. "ಆಮೇಲೆ ಆ ಜ್ವರ ವಾಸಿಯಾಯ್ತು ಅಂತ ಇನ್ನೊಂದು ಸಾಕ್ಷಿ. ಬೇಡ. ನಾನು ಓದ್ತೀನಿ. ಹೆಂಗೆ ಬರುತ್ತೋ ಹಂಗೆ. ನೀನು ಅಲ್ಲಿ ಕೂತ್ಕೊಂಡು ಕೇಳು, ಅಷ್ಟೇ."

ಕೇಳಿದ್ದು ಅಷ್ಟೇ. ಇದಕ್ಕಿಂತ ಕಡಿಮೆ ಯಾವ ಮಗಳು ಯಾವ ತಾಯಿಯನ್ನೂ ಕೇಳಿರಲಾರಳು.

ಭಾನುವಾರ ದೇವಾಲಯ ತುಂಬಿತ್ತು. ಹುಡುಗಿ ಮೆಟ್ಟಿಲು ಹತ್ತಿ ಪೀಠದ ಹಿಂದೆ ನಿಂತಳು. ಮೈಕು ಅವಳಿಗೆ ಎತ್ತರವಾಗಿತ್ತು, ತಾನೇ ಬಗ್ಗಿಸಿಕೊಂಡಳು. ಮೊದಲ ಹೆಸರು ಸಿಕ್ಕಿಕೊಂಡಿತು. ಗದ್ದ ಮೇಲೆತ್ತಿ ಕಾದಳು. ಬಂತು. ಎರಡನೆಯದೂ ಸಿಕ್ಕಿಕೊಂಡಿತು. ಜನ ಕೆಮ್ಮತೊಡಗಿದರು. ಮುಂದಿನ ಬೆಂಚಿನ ಮುದುಕರೊಬ್ಬರು ಆ ಹೆಸರನ್ನು ಪಿಸುಗುಟ್ಟಿ ಕೊಟ್ಟರು. ಆಮೇಲಿನದನ್ನು ಪಿಯಾನೊ ಅಕ್ಕ ಗಟ್ಟಿಯಾಗಿಯೇ ಕೊಟ್ಟಳು, ಬಹಳ ಪ್ರೀತಿಯಿಂದ. ಹುಡುಗಿ ಪುಸ್ತಕದಿಂದ ತಲೆಯೆತ್ತಿ, ಕೊಡುವವರೆಲ್ಲ ಕೊಟ್ಟು ಮುಗಿಸಲಿ ಎಂದು ಸ್ವಲ್ಪ ಹೊತ್ತು ನಿಂತು, ಅದೇ ಹೆಸರನ್ನು ಮೊದಲಿನಿಂದ ತಾನೇ ಹೇಳಿದಳು. ಒಂದನ್ನೂ ಬಿಡಲಿಲ್ಲ. ಸಭಾಪಾಲಕರು ಕುರ್ಚಿಯಿಂದ ಅರ್ಧ ಎದ್ದವರು ಮತ್ತೆ ಕೂತರು.

ಆರಾಧನೆಯ ಕೊನೆಯಲ್ಲಿ, ಸಾಕ್ಷಿ ಹೇಳುವವರಿದ್ದರೆ ಹೇಳಬಹುದು ಎಂದಾಗ, ಹಲ್ಲಿನಕ್ಕ ಎದ್ದು ನಿಂತಳು. ಎದ್ದದ್ದು ಧೈರ್ಯದಿಂದಲ್ಲ; ದೇವರ ಕೆಲಸ ನಡೀತಾ ಇದೆ, ಅರ್ಧ ವಾಸಿಯಾಗಿದೆ ಎಂದು ಹಿಂದಿನ ಬೆಂಚಿನವರು ಆಗಲೇ ಸಮಾಧಾನ ಹೇಳಲು ಶುರುಮಾಡಿದ್ದರು, ಅದನ್ನು ಇನ್ನು ಕೇಳಲಾಗಲಿಲ್ಲ.

"ವಾಸಿಯಾಗಿಲ್ಲ," ಎಂದಳು. "ಅರ್ಧಾನೂ ಆಗಿಲ್ಲ. ನಾನು ಸುಳ್ಳು ಹೇಳಿದೆ. ಬೇರೆಯವರ ಮಕ್ಕಳನ್ನ ನೋಡಿ ನೋಡಿ ತಡೆಯಕ್ಕಾಗದೆ ಹೇಳಿದೆ."

ಮುಖ ತೋರಿಸಲಾಗದ ಹಾಗಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಹೊರಗೆ ಬಂದರೆ ಹೆಂಗಸರು ಸಾಲುಗಟ್ಟಿ ಅಪ್ಪಿಕೊಂಡರು. ಇಂಥ ದೀನತೆ ಈ ಸಭೆಯಲ್ಲಿ ಕಂಡದ್ದೇ ಇಲ್ಲ ಎಂದರು ಅಮ್ಮನವರು. ಪಿಯಾನೊ ಅಕ್ಕನ ಮೂಗು ಕೆಂಪಾಗಿತ್ತು. ನಿಮ್ಮಷ್ಟು ಮುರಿದ, ತಗ್ಗಿದ ಮನಸ್ಸು ನನಗೂ ಬರಲಿ ಎಂದು ಪ್ರಾರ್ಥಿಸಿ ಎಂದು ಕೈ ಹಿಡಿದುಕೊಂಡಳು. ಹಲ್ಲಿನಕ್ಕನಿಗೆ ಕಿವಿಯ ಹಿಂದೆ ಬೆಚ್ಚಗಾಯಿತು. ಆ ಅಂಗಳದಲ್ಲಿ ಮೊಟ್ಟಮೊದಲ ಸಲ ಅವಳು ಎಲ್ಲರಿಗಿಂತ ಮುಂದಿದ್ದಳು. ಇದು ಸೋತವರಿಗೆ ಕೊಡುವ ಸಮಾಧಾನಕರ ಬಹುಮಾನವೆಂದು ತಿಳಿದರೂ ಅವಳು ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಂಡು ನೋಡಿದಾಗ ಮಗಳು ಗೇಟಿನಾಚೆ, ಅಪ್ಪನ ಜೊತೆ, ಆಗಲೇ ನಡೆಯುತ್ತಿದ್ದಳು.

ಓಡಿ ಹೋಗಿ ಜೊತೆಯಾದಳು. ಮೂವರೂ ಮುಚ್ಚಿದ ಅಂಗಡಿಗಳ ಮುಂದೆ ನಡೆದರು. ತಿರುವಿನಲ್ಲಿ ಮಗಳು ಕೇಳಿದಳು:

"ಕಡೇ ಸಾಲು ಹೆಂಗೆ ಓದಿದೆ?"

ಹಲ್ಲಿನಕ್ಕ ನೆನಪಿಸಿಕೊಳ್ಳಲು ನೋಡಿದಳು. ಪಿಯಾನೊ ಅಕ್ಕನ ಹುಬ್ಬು ನೆನಪಾಯಿತು. ಆ ಅಕ್ಕನ ಮಗಳು ತಲೆ ಬಗ್ಗಿಸಿದ್ದು ನೆನಪಾಯಿತು. ಯಾರು ಯಾರ ಕಡೆ ತಿರುಗಿ ನೋಡಿದರು, ಯಾರ ತುಟಿ ಯಾವಾಗ ಸೊಟ್ಟಗಾಯಿತು, ಎಲ್ಲ ಬೆಳಕಿಗೆ ಹಿಡಿದಷ್ಟು ಸ್ಪಷ್ಟ. ಕಡೆಯ ಸಾಲು ಇರಲಿಲ್ಲ. ಆ ಸಾಲನ್ನು ಹುಡುಗಿ ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ ಓದಿದ್ದಳೆಂದು ಆಮೇಲೆ ಗಂಡ ಹೇಳಿ ತಿಳಿಯಬೇಕಾಯಿತು.

ಚೆನ್ನಾಗಿ ಓದಿದೆ ಎನ್ನಬಹುದಿತ್ತು. ಬಾಯಿಯವರೆಗೂ ಬಂತು.

"ಕೇಳಿಸ್ಕೊಳ್ಳಲಿಲ್ಲ," ಎಂದಳು. "ಅವರ ಮುಖಗಳನ್ನ ನೋಡ್ತಿದ್ದೆ."

"ಗೊತ್ತು," ಎಂದಳು ಮಗಳು. "ಮೇಲಿಂದ ಎಲ್ಲಾ ಕಾಣುತ್ತೆ."

ಮುಂದಿನ ಬುಧವಾರ ಕೂಟದಲ್ಲಿ ಹೊಸ ಗಾಳಿ ಬೀಸಿತ್ತು. ಎಲ್ಲರೂ ತಪ್ಪೊಪ್ಪಿಕೊಳ್ಳತೊಡಗಿದ್ದರು, ಒಬ್ಬರದಕ್ಕಿಂತ ಒಬ್ಬರದು ಮೇಲಾಗಿತ್ತು. ಹಲ್ಲಿನಕ್ಕನ ಸರದಿ ಬಂದಾಗ ಕೋಣೆ ಕಿವಿಯಾಯಿತು. ನನ್ನದೇನಿಲ್ಲ, ಮುಂದಿನವರು ಹೇಳಲಿ ಎಂದಳು. ಮಗಳ ವಿಷಯ ಯಾರೋ ಎತ್ತಿದಾಗ, ಅದು ಅವಳ ವಿಷಯ, ಇಲ್ಲಿ ಬೇಡ ಎಂದಳು. ನಂಬಿಕೆ ತಣ್ಣಗಾಗಿದೆ ಪಾಪ ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಪಿಯಾನೊ ಅಕ್ಕನ ಬೆಳಗಿನ ಪ್ರಾರ್ಥನೆಯಲ್ಲಿ ಈಗ ತಾಯಿಗೂ ಜಾಗ ಸಿಕ್ಕಿರಬೇಕು. ಸಿಗಲಿ ಎಂದುಕೊಂಡಳು, ಹಾಗೆಂದುಕೊಳ್ಳಲು ಸಾಧ್ಯವಾದದ್ದೇ ಅವಳಿಗೆ ವಿಚಿತ್ರವೆನಿಸಿತು, ಆದರೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಮನೆಗೆ ಬಂದಾಗ ಮಗಳು ಕಿಟಕಿಯ ಹತ್ತಿರ ಶಾಲೆಯ ಸಾಕ್ಸು ಹೊಲಿದುಕೊಳ್ಳುತ್ತಿದ್ದಳು. ಆ ಭಾಗವನ್ನು ಇನ್ನೊಂದು ಸಲ ಓದುತ್ತೀಯಾ ಎಂದು ಅಮ್ಮ ಕೇಳಿದಳು. ಯಾರಿಗೆ ಎಂದಳು ಮಗಳು. ನನಗೆ ಎಂದಳು ಅಮ್ಮ.

ಹುಡುಗಿ ಸೂಜಿ ನಿಲ್ಲಿಸಿದಳು. ಉತ್ತರದ ಮೊದಲ ಅಕ್ಷರ ತುಟಿಗೆ ಬಂದು ನಿಂತಿತು, ಗದ್ದ ಮೇಲೆದ್ದಿತು. ಬರುವ ಮಾತು ಯಾವುದೆಂದು ಅಮ್ಮನಿಗೆ ತಿಳಿದುಹೋಗಿತ್ತು. ಆದರೂ ಅವಳು ಬೇರೆಲ್ಲೂ ನೋಡದೆ ನಿಂತಳು.

"ಬೇಡ," ಎಂದಳು ಮಗಳು, ಕೊನೆಗೆ. ಅಮ್ಮ ಅದನ್ನು ಪೂರ್ತಿ ಕೇಳಿಸಿಕೊಂಡಳು.